ನಮ್ಮ ಕೂಟ ಓದದೆ ಬಿಟ್ಟ ಕೀರ್ತನೆಗಳು

ಹೊಟ್ಟೆಕಿಚ್ಚು ಎಂದರೆ ಏನೆಂದು ನನ್ನನ್ನು ಕೇಳಿ, ಹೇಳುತ್ತೇನೆ. ಪಕ್ಕದವರ ಕಾರು, ಬಂಗಾರ ನೋಡಿ ಆಗುತ್ತದಲ್ಲ, ಅದು ಏನೂ ಅಲ್ಲ; ನಾಲ್ಕು ದಿನ ಉರಿದು ತಾನೇ ತಣ್ಣಗಾಗುತ್ತದೆ. ನನ್ನದು ಒಂದು ಮಗುವನ್ನು ಕಂಡು ಆಗುತ್ತಿದ್ದ ಹೊಟ್ಟೆಕಿಚ್ಚು. ಅದೂ ಎಂಥ ಮಗು? ನನ್ನನ್ನು ಕಂಡ ಕೂಡಲೇ ಚಿಕ್ಕಮ್ಮನನ್ನು ಕರೆದಂತೆ "ಮೌಶಿ, ಮೌಶಿ" ಎಂದು ಮಾತಾಡಿಸುವ, ಯಾರ ಗೊಡವೆಗೂ ಹೋಗದ ಮಗು. ಇಂಥದ್ದರ ಮೇಲೆ ಉರಿದುಕೊಳ್ಳುವ ನನಗೆ ಏನನ್ನಬೇಕು?

ಇರಲಿ, ಮೊದಲಿನಿಂದ ಹೇಳುತ್ತೇನೆ. ನಮ್ಮವರಿಗೆ ಇಲ್ಲಿ ಮದ್ದುಗುಂಡು ಮಾಡುವ ಆರ್ಡನೆನ್ಸ್ ಫ್ಯಾಕ್ಟರಿಯಲ್ಲಿ ಕೆಲಸ. ಗದಗಿನ ಕಡೆಯಿಂದ ಬಂದ ನಮಗೆ ನಾಗಪುರದಲ್ಲಿ ಕನ್ನಡ ಕಿವಿಗೆ ಬೀಳುತ್ತಿದ್ದುದು ಶನಿವಾರ ಸಂಜೆ ಮಾತ್ರ. ರೈಲ್ವೆಯವರು, ಏರ್‌ಫೋರ್ಸಿನವರು, ನಾವು, ಹೀಗೆ ಕೆಲವು ಕ್ರೈಸ್ತ ಮನೆಗಳವರು ಸೇರಿ ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಪ್ರಾರ್ಥನಾ ಕೂಟ ನಡೆಸುತ್ತೇವೆ. ನಮ್ಮ ಕೂಟಕ್ಕೊಂದು ಪದ್ಧತಿಯಿದೆ. ಸತ್ಯವೇದ ಎಂದು ನಾವು ಕರೆಯುವ ಬೈಬಲಿನ ಕೀರ್ತನೆಗಳನ್ನು ಸಾಲಾಗಿ ಓದುತ್ತ ಹೋಗುವುದು. ಆ ವಾರ ಯಾರ ಮನೆಯೋ ಆ ಮನೆಗೆ ಆ ಕೀರ್ತನೆ. ಜಮಖಾನೆಯ ಮೇಲೆ ಸುತ್ತ ಕೂತವರು ಒಬ್ಬೊಬ್ಬರು ಒಂದೊಂದು ವಚನ ಓದಬೇಕು. ಮುಗಿದ ಮೇಲೆ ಮನೆಯವರು ಸಾಕ್ಷಿ ಹೇಳಬೇಕು, ಅಂದರೆ ದೇವರು ತಮಗೆ ಮಾಡಿದ ಉಪಕಾರವನ್ನು ಎಲ್ಲರೆದುರು ನೆನೆಯಬೇಕು. ಆಮೇಲೆ ಚಹಾ, ಪೋಹೆ ಎನ್ನುವ ಇಲ್ಲಿನ ಅವಲಕ್ಕಿ.

ಆ ಮಗುವಿನ ತಾಯಿ ಸಿಕ್ಕಿದ್ದು ಈ ಕೂಟದಲ್ಲೇ. ಗಂಡ ರೈಲ್ವೆಯಲ್ಲಿ, ಆಕೆ ಮಿಲಿಟರಿಯಲ್ಲಿದ್ದ ಕನ್ನಡದವರ ಮಗಳು, ಹುಟ್ಟಿ ಬೆಳೆದದ್ದು ಇಲ್ಲೇ ಪಕ್ಕದ ಕಾಮಠಿಯಲ್ಲಿ. ಓದಿದ್ದೆಲ್ಲ ಹಿಂದಿ ಶಾಲೆಯಾದ್ದರಿಂದ ಕನ್ನಡ ಮಾತಾಡುತ್ತಾಳೆ, ಓದುವುದು ಮಾತ್ರ ಅಕ್ಷರ ಕೂಡಿಸಿ ಕೂಡಿಸಿ. ನನಗಿಂತ ಚಿಕ್ಕವಳು, ಅಕ್ಕಾ ಎನ್ನುತ್ತಿದ್ದಳು. ಇಬ್ಬರೂ ಒಂದೇ ಹೊತ್ತಿನಲ್ಲಿ ಬಸುರಾದೆವು. ಒಂದೇ ಆಟೋದಲ್ಲಿ ಡಾಕ್ಟರ ಹತ್ತಿರ ಹೋಗಿ, ಬರುವಾಗ ರಸ್ತೆ ಬದಿಯಲ್ಲಿ ಸಂತ್ರಾ ಎನ್ನುವ ಇಲ್ಲಿನ ಕಿತ್ತಳೆ ಕೊಂಡು, ಸುಲಿದು ಹಂಚಿಕೊಂಡು ತಿನ್ನುತ್ತಿದ್ದೆವು. ಒಡಹುಟ್ಟಿದ ತಂಗಿಯ ಜೊತೆಗೂ ನಾನು ಅಷ್ಟು ನಕ್ಕಿರಲಿಲ್ಲ.

ಇಬ್ಬರಿಗೂ ದಿನ ತುಂಬುವ ಮೊದಲೇ ಹೆರಿಗೆಯಾಯಿತು. ಅವಳಿಗೆ ಹೆಣ್ಣು, ನನಗೆ ಗಂಡು. ಒಂದೇ ಆಸ್ಪತ್ರೆ, ಅಕ್ಕಪಕ್ಕದ ಗಾಜಿನ ಪೆಟ್ಟಿಗೆಗಳಲ್ಲಿ ಎರಡು ಅಂಗೈಯಗಲದ ಜೀವಗಳು. ಕೂಟದವರು ಉಪವಾಸವಿದ್ದು ಇಬ್ಬರಿಗಾಗಿಯೂ ಒಂದೇ ಬಾಯಲ್ಲಿ, ಒಂದೇ ಉಸಿರಲ್ಲಿ ಬೇಡಿಕೊಂಡರು. ಅವಳ ಮಗಳು ಮನೆಗೆ ಬಂದಳು. ನನ್ನ ಮಗ ಬರಲಿಲ್ಲ.

ಅಂದಿನಿಂದ ನಾನು ಕೂಟಕ್ಕೆ ಹೋಗುತ್ತಿದ್ದೆ, ಕಣ್ಣು ಮುಚ್ಚುತ್ತಿದ್ದೆ, ತುಟಿ ಅಲ್ಲಾಡಿಸುತ್ತಿದ್ದೆ. ಪ್ರಾರ್ಥನೆ ಮಾತ್ರ ಮಾಡುತ್ತಿರಲಿಲ್ಲ. ಯಾರಿಗೆ ಮಾಡಲಿ? ದೇವರು ಅವಳದನ್ನು ಕೇಳಿದ್ದರೆ ನನ್ನದನ್ನೂ ಕೇಳಿದ್ದಾನೆ, ಕೇಳಿ ಒಲ್ಲೆ ಅಂದಿದ್ದಾನೆ. ಇಬ್ಬರದನ್ನೂ ಕೇಳಿಲ್ಲವೆಂದರೆ ಆ ಮಗು ತಾನಾಗಿ ಉಳಿಯಿತು, ನಾವೆಲ್ಲ ಬರೀ ಗಾಳಿಗೆ ಸ್ತೋತ್ರ ಹೇಳುತ್ತಿದ್ದೇವೆ. ಎರಡರಲ್ಲಿ ಯಾವುದನ್ನು ನಂಬಿದರೂ ನನ್ನ ಪಾಲಿಗೆ ದೇವರಿರಲಿಲ್ಲ. ಇದನ್ನು ನಮ್ಮವರಿಗೂ ಹೇಳಲಿಲ್ಲ.

ಮಗಳ ಹುಟ್ಟುಹಬ್ಬ ಬಂದಾಗಲೆಲ್ಲ ಅವಳು ಸಾಕ್ಷಿ ಹೇಳುತ್ತಿದ್ದಳು. "ಕರ್ತ ನನ್ನ ಕೂಗು ಕೇಳ್ಯಾನ, ನನ್ನ ಮಗಳನ್ನ ಉಳಿಸ್ಯಾನ." ಎಲ್ಲರೂ "ಸ್ತೋತ್ರ" ಎನ್ನುತ್ತ ಓರೆಗಣ್ಣಿನಲ್ಲಿ ನನ್ನನ್ನು ನೋಡುವರು. ಹಲ್ಲು ಕಚ್ಚಿ ನಾನೂ "ಸ್ತೋತ್ರ" ಅಂದು ಕೇಕು ತಿಂದು ಬರುತ್ತಿದ್ದೆ. ಆ ಹುಡುಗಿಯ ಜಡೆ, ಚಪ್ಪಲಿ, ಬಿದ್ದ ಹಾಲು ಹಲ್ಲು, ಎಲ್ಲದರ ಮೇಲೂ ನನಗೆ ಉರಿ. "ಭಾಳ ಹಟ ಮಾಡ್ತಾಳ ಅಕ್ಕಾ, ಸಾಕಾಗೇತಿ" ಎಂದು ಅವಳು ಗೋಳಾಡಿದರೆ ಆ ಗೋಳಿನ ಮೇಲೂ ಉರಿ. ಬರಬರುತ್ತ ಅವಳ ಜೊತೆ ಮಾತು "ಚಹಾ ಆತೇನು" ಎಂಬಲ್ಲಿಗೆ ಬಂದು ನಿಂತಿತು.

ಅವರು ಮನೀಶ್ ನಗರದಲ್ಲಿ ಫ್ಲ್ಯಾಟ್ ತೆಗೆದುಕೊಂಡರು. ಹೊಸ ಮನೆಯ ಮೊದಲ ಕೂಟಕ್ಕೆ ಸರದಿಯಲ್ಲಿ ಎಪ್ಪತ್ತಮೂರನೆಯ ಕೀರ್ತನೆ ಬಂದಿತ್ತು. ಕೂಟ ನಡೆಸುವವರು ಮಿಲಿಟರಿಯಿಂದ ನಿವೃತ್ತರಾದ ಹಿರಿಯರು, ನಮಗೆಲ್ಲ ಕಾಕಾ. ಅವರು ಹಾಳೆ ನೋಡಿ, "ಹೊಸ ಮನ್ಯಾಗ ಇದು ಬ್ಯಾಡ್ರಿ, ಮುಂದಿಂದೂ ಬರೇ ಅಳೂದೈತಿ, ಎಪ್ಪತ್ತೈದು ತಗೀರಿ" ಎಂದರು. ಅವರು ಹೀಗೆ ದಾಟಿಸುವುದು ಹೊಸದಲ್ಲ. ಒಳ್ಳೆಯ ಮನುಷ್ಯ, ಯಾರ ಮನಸ್ಸೂ ನೋಯಬಾರದು ಅವರಿಗೆ. ಆದರೆ ಅಂದು ನನಗೆ ರೇಗಿತು. ಅಲ್ಲ, ಅಂಥದ್ದೇನಿದೆ ಅದರಲ್ಲಿ? ಇವರ ಸಂಭ್ರಮಕ್ಕೆ ಸತ್ಯವೇದದ ಹಾಳೆಯೂ ಪಕ್ಕಕ್ಕೆ ಸರಿಯಬೇಕೇ?

ಮರುದಿನ ಮಧ್ಯಾಹ್ನ, ನಮ್ಮವರು ಶಿಫ್ಟಿಗೆ ಹೋದ ಮೇಲೆ, ಕೂಲರ್ ಹಚ್ಚಿ ನನ್ನ ತಾಯಿಯ ಹಳೆಯ ಸತ್ಯವೇದದಲ್ಲಿ ಆ ಎಪ್ಪತ್ತಮೂರನೆಯದನ್ನೇ ತೆಗೆದು ಕೂತೆ. ಓದುತ್ತ ಓದುತ್ತ ಕೂತಲ್ಲೇ ನಗು ಬಂತು. ಅಯ್ಯೋ, ಈ ಕೀರ್ತನೆ ಬರೆದವನಿಗೂ ಹೊಟ್ಟೆಕಿಚ್ಚು! ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾನೆ: ಆ ಸೊಕ್ಕಿನವರು ಮೈ ಕೈ ತುಂಬಿಕೊಂಡು ಸುಖವಾಗಿರುವುದನ್ನು ಕಂಡು ಉರಿದುಕೊಂಡೆ, ಕಾಲು ಜಾರುವುದೊಂದೇ ಬಾಕಿಯಿತ್ತು, ನಾನು ಶುದ್ಧವಾಗಿ ಬದುಕಿದ್ದೆಲ್ಲ ದಂಡವಾಯಿತು, ಎಂದು. ಅವನ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು. ಅವನು ಉರಿದುಕೊಂಡದ್ದು ಕೆಟ್ಟವರನ್ನು ನೋಡಿ. ನಾನು ಯಾರನ್ನು ನೋಡಿ ಉರಿದುಕೊಂಡೆನೋ ಅವಳು ಒಳ್ಳೆಯವಳು; ನಾಲ್ಕು ಬೈಗುಳ ಬೈದು ಹಗುರಾಗುವ ಪುಣ್ಯವೂ ನನಗಿಲ್ಲ.

ಆ ಬೇಸಿಗೆ ಪೂರ್ತಿ ಕಾಕಾ ದಾಟಿಸಿದ ಕೀರ್ತನೆಗಳನ್ನೇ ಹುಡುಕಿ ಹುಡುಕಿ ಓದಿದೆ. ಎಂಥೆಂಥ ಮಾತು! ಒಬ್ಬ, ಇನ್ನೆಷ್ಟು ಕಾಲ ನನ್ನನ್ನು ಮರೆತಿರುತ್ತೀ ಎನ್ನುತ್ತಾನೆ. ಇನ್ನೊಬ್ಬ, ಏಳು, ಯಾಕೆ ಮಲಗಿದ್ದೀ ಎಂದು ದೇವರನ್ನೇ ಗದರುತ್ತಾನೆ. ಒಬ್ಬನಿಗೆ ಹಗಲಿರುಳು ಕಣ್ಣೀರೇ ಊಟ. ಒಂದೊಂದನ್ನೂ ಮತ್ತೆ ಮತ್ತೆ ಓದಿದಾಗ ನನಗೊಂದು ಸಂಗತಿ ಹೊಳೆಯಿತು. ಇವರು ಯಾರೂ ದೇವರ ಬೆನ್ನ ಹಿಂದೆ ಚಾಡಿ ಹೇಳುವವರಲ್ಲ. ಎದುರಿಗೆ ನಿಂತು ಜಗಳ ತೆಗೆಯುತ್ತಾರೆ, ಉತ್ತರ ಸಿಗದಿದ್ದರೂ ನಿಂತ ಜಾಗ ಬಿಡುವುದಿಲ್ಲ. ನಾನು ಇಷ್ಟು ವರ್ಷ ನನ್ನೊಳಗೇ ಅವನ ಚಾಡಿ ಹೇಳಿಕೊಂಡೆನೇ ಹೊರತು ಅವನಿಗೆ ಒಂದು ಮಾತೂ ಅಂದಿರಲಿಲ್ಲ. ಇಲ್ಲದವನ ಮೇಲೆ ಯಾರಾದರೂ ಇಷ್ಟು ಸಿಟ್ಟು ಮಾಡುತ್ತಾರೆಯೇ? ಅವನಿಲ್ಲ ಅವನಿಲ್ಲ ಎನ್ನುತ್ತಲೇ ಹಗಲೆಲ್ಲ ಅವನ ಮೇಲೆ ಕುದಿಯುತ್ತಿದ್ದೆನಲ್ಲ! ಆದರೂ ಬಾಯಿ ಬಿಟ್ಟು ಪ್ರಾರ್ಥಿಸಲು ಆಗಲಿಲ್ಲ.

ಮಳೆ ಹಿಡಿದ ಮೇಲೆ ನಮ್ಮ ಮನೆಯ ಸರದಿ ಬಂತು. ಕೀರ್ತನೆ ಎಂಬತ್ತೆಂಟು. ಅದರಲ್ಲಿ ಏನಿದೆ ಎಂದು ನನಗೆ ಗೊತ್ತಿತ್ತು. ಕಾಕಾ ಕನ್ನಡಕ ಏರಿಸಿ, "ಇವತ್ತ ಎಂಬತ್ತೊಂಬತ್ತು ತಗೋಳೂಣು" ಎಂದರು.

"ಯಾಕ್ರಿ ಕಾಕಾ? ನಮ್ಮ ಮನಿಗಿ ಎಂಬತ್ತೆಂಟು ಬಂದೈತಿ."

"ಅದು ಬ್ಯಾಡವಾ. ಬ್ಯಾರೇದರಾಗ ಕಡೀಗಾದ್ರೂ ಒಂದೀಟು ಬೆಳಕ ಇರ್ತೈತಿ, ಅದರಾಗ ಅದೂ ಇಲ್ಲ. ನಿನ್ನ ಮನಸ್ಸಿಗಿ ನೋವಾಗ್ತೈತಿ."

"ನೋವು ಆಗೇ ಐತ್ರಿ, ಓದಿದ್ರ ಹೊಸದೇನ್ ಆಗೂದೈತಿ? ಎಲ್ಲಾರ ಮನಿಯಾಗೂ ಸ್ತೋತ್ರದ ಕೀರ್ತನಿ ಓದಿ ಬಂದೀನಿ. ನಮ್ಮ ಮನಿಗಿ ಬಂದಿದ್ದು ಓದ್ರಿ."

ನನ್ನ ದನಿ ನನಗೇ ಜೋರಾಗಿ ಕೇಳಿಸಿತು. ನಮ್ಮವರು ತಲೆ ತಗ್ಗಿಸಿದರು. ಕಾಕಾ ಹಾಳೆ ಹಿಂದಕ್ಕೆ ತಿರುವಿ ಮೊದಲ ವಚನ ಓದಿದರು. ಓದು ಜಮಖಾನೆ ಸುತ್ತಿ ಬಂತು, ಕನ್ನಡ ಬಾರದ ಮಕ್ಕಳು ಹಿಂದಿಯಲ್ಲಿ ಓದಿದರು. ಕೊನೆಯ ವಚನ ಬಂದು ಬಿದ್ದದ್ದು ಅವಳಿಗೇ. ಬೆರಳಿಟ್ಟು ಅಕ್ಷರ ಕೂಡಿಸುತ್ತ ಓದತೊಡಗಿದಳು. ನನ್ನ ಪ್ರೀತಿಯವರನ್ನೂ ಗೆಳೆಯರನ್ನೂ ನೀನು ನನ್ನಿಂದ ದೂರ ಮಾಡಿದೆ, ನನಗೀಗ ಜೊತೆಗಿರುವುದು ಕತ್ತಲೆಯೊಂದೇ, ಎನ್ನುವ ಅರ್ಥದ ವಚನ ಅದು. ಗೆಳೆಯರು ಎಂಬಲ್ಲಿ ಅವಳ ಬೆರಳು ನಿಂತಿತು. ಹೇಗೋ ಮುಗಿಸಿ ಸೆರಗಿನಿಂದ ಮೂಗು ಒರೆಸಿಕೊಂಡಳು.

ಇನ್ನು ಮನೆಯವರ ಸಾಕ್ಷಿ. ಎಲ್ಲರೂ ನನ್ನತ್ತ ನೋಡಿದರು. ನಾನು ಸಾಕ್ಷಿ ಹೇಳಲಿಲ್ಲ. ಕಣ್ಣು ಮುಚ್ಚಿದೆ, ಬಾಯಿ ತಾನಾಗಿ ತೆರೆಯಿತು.

"ದೇವರೇ, ಆಕಿದೂ ಕೇಳಿದಿ, ನಂದೂ ಕೇಳಿದಿ. ಆಕಿಗಿ ಕೊಟ್ಟಿ, ನನಗ ಯಾಕ ಕೊಡಲಿಲ್ಲ? ಆಕಿ ಮಗಳನ್ನ ನೋಡಿದಾಗೆಲ್ಲ ನನ್ನ ಹೊಟ್ಟಿ ಉರೀತೈತಿ. ನನ್ನ ಮಗನೂ ಇಷ್ಟೇ ಎತ್ತರ ಆಗಿರ್ತಿದ್ದ. ನೀ ಏನಾರ ಹೇಳೂತನಕ ನಾ ಕೇಳಾಕಿನ. ನಾ ಎಲ್ಲೂ ಹೋಗಂಗಿಲ್ಲ."

ಇಂಥ ಪ್ರಾರ್ಥನೆಗೆ ಆಮೆನ್ ಅನ್ನಬೇಕೋ ಬೇಡವೋ ಕೂತವರಿಗೆ ತಿಳಿಯಲಿಲ್ಲ, ಪಾಪ. ಕೊನೆಗೆ ಆಮೆನ್ ಅಂದದ್ದು ನಮ್ಮವರು. ಮಗ ಹೋದಂದಿನಿಂದ ಅವನ ಸುದ್ದಿಯನ್ನೇ ಎತ್ತದ ಮನುಷ್ಯ. ಆಮೇಲೆ ಕಾಕಾ ಅಂದರು, ಎಲ್ಲರೂ ಅಂದರು.

ನಾನು ಚಹಾ ಸೋಸುತ್ತಿದ್ದಾಗ ಅವಳು ಅಡುಗೆಮನೆಗೆ ಬಂದಳು. ಬಾಗಿಲಲ್ಲೇ ನಿಂತು, "ಅಕ್ಕಾ, ಖರೇ ಹೇಳ್ಲಾ? ಸಾಕ್ಷಿ ಹೇಳುವಾಗ ನಿಮ್ಮ ಮಾರಿ ನೋಡೋ ಹಿಮ್ಮತ್ ಆಗ್ತಿರಲಿಲ್ಲ. ಬಿಡೋಣ ಅನ್ನಿಸ್ತಿತ್ತು. ಆದ್ರ ಹೇಳದಿದ್ರ ದೇವರು ಸಿಟ್ಟಾಗಿ ಈಕಿನ್ನ ವಾಪಸ್ ತಗೊಂಡಾನು ಅಂತ ಡರ್" ಎಂದಳು. ದೇವರಲ್ಲಿ ಇವಳಿಗಿದ್ದ ಯಾವ ವಿಶ್ವಾಸ ಕಂಡು ನಾನು ಇಷ್ಟು ವರ್ಷ ಕರುಬಿದ್ದೆನೋ ಅದು ಬರೀ ಹೆದರಿಕೆಯಾಗಿತ್ತು. ಆದರೂ ಸುಳ್ಳು ಹೇಳಲಾರೆ, ಹೆದರಿಕೊಳ್ಳಲಿಕ್ಕಾದರೂ ಇವಳಿಗೊಂದು ಮಗುವಿದೆಯಲ್ಲ ಎಂದು ಆಗಲೂ ಉರಿದುಕೊಂಡೆ.

ಲೋಟ ಅವಳ ಕೈಗಿಟ್ಟೆ. ಅವಳು ಕುಡಿಯದೆ ಹಿಡಿದೇ ನಿಂತಳು. "ಇಷ್ಟು ವರ್ಷ ನೀವು ನನ್ನ ಜೋಡಿ ಬರೋಬರ್ ಮಾತೇ ಆಡಿಲ್ಲ ಅಕ್ಕಾ."

"ನಿನ್ನ ಜೋಡಿ ಅಷ್ಟ ಅಲ್ಲವಾ," ಎಂದೆ, "ದೇವರ ಜೋಡೀನೂ ಆಡಿರಲಿಲ್ಲ. ಇವತ್ತ ಸುರು ಮಾಡೇನಿ."