ನಾಯಿಗಳಿಗೆ ಕಟ್ಟಿದ ಜಾಲರಿಯೊಳಗೆ ಅಜ್ಜಿ

ಸಾರಕ್ಕಿಯಲ್ಲಿ ನನ್ನದು ಗ್ರಿಲ್, ಗೇಟ್ ಮಾಡೋ ಅಂಗಡಿ. ಒಮ್ಮೆ ಜಯನಗರದ ಮೇಡಂ ಒಬ್ಬರು, ತಮ್ಮ ಎರಡು ನಾಯಿಗಳು ಓಡಾಡಿಕೊಂಡಿರೋಕೆ ಹಿತ್ತಲ ತೋಟದಲ್ಲಿ ಜಾಲರಿ ಕಟ್ಟಿಕೊಡಿ ಅಂತ ಕರೆಸಿದರು. ಅದರಲ್ಲೊಂದು ಕಾಂಪೌಂಡ್ ಹಾರಿ ರಸ್ತೆಗೆ ಹೋಗಿ, ಬಸ್ಸಿನ ಚಕ್ರಕ್ಕೆ ಸಿಗೋದು ಸ್ವಲ್ಪದರಲ್ಲಿ ತಪ್ಪಿತ್ತಂತೆ.

ಆಳಿಗಿಂತ ಎತ್ತರ ಜಾಲರಿ ನಿಲ್ಲಿಸಿದೆ. ಮಣ್ಣು ತೋಡಿ ನುಸುಳದ ಹಾಗೆ ಬುಡಕ್ಕೆ ಕಾಂಕ್ರೀಟ್ ಹಾಕಿದೆ. ನೋಡಿ ನನಗೇ ಖುಷಿಯಾಯಿತು. ಆದರೆ ನಾಯಿಗಳು ಒಳಗೆ ಕಾಲಿಡಲಿಲ್ಲ. ಮೇಡಂ ಬಿಸ್ಕತ್ತು ತೋರಿಸಿದರು, ಮುದ್ದು ಮಾಡಿದರು, ಗದರಿದರು. ಅವು ಬಾಗಿಲ ಮುಂದೆ ಕೂತು ನನ್ನನ್ನೇ ನೋಡಿದವು.

“ಜೈಲ್ ಥರ ಕಾಣ್ತಿದೆಯೇನೋ ಅವಕ್ಕೆ,” ಅಂದರು ಮೇಡಂ. ನನ್ನ ಮುಖ ಸಣ್ಣಗಾಯಿತು.

ಅಷ್ಟರಲ್ಲಿ ಅವರ ಅತ್ತೆ ಪ್ಲಾಸ್ಟಿಕ್ ಕುರ್ಚಿ ಎಳೆದುಕೊಂಡು ಬಂದರು. “ಸ್ವಲ್ಪ ಸರಿಯಪ್ಪ,” ಅಂತ ನನ್ನನ್ನು ದಾಟಿ ಒಳಗೆ ಹೋಗಿ ಕೂತು, ಮೆಂತ್ಯದ ಸೊಪ್ಪು ಬಿಡಿಸತೊಡಗಿದರು. ಎರಡೂ ನಾಯಿಗಳು ಬಾಲ ಆಡಿಸುತ್ತಾ ಹಿಂದೆಯೇ ಹೋಗಿ ಅವರ ಕಾಲ ಬುಡದಲ್ಲಿ ಮಲಗಿದವು.

“ಅತ್ತೆ, ಈಚೆ ಬನ್ನಿ! ನೋಡಿದವರು ಸೊಸೆ ಕೂಡಿಹಾಕಿದಾಳೆ ಅಂತಾರೆ.”

“ಅನ್ನಲಿ ಬಿಡು, ಗಾಳಿ ಚೆನ್ನಾಗಿದೆ. ನೀನು ಬಾಗಿಲು ಹಾಕಪ್ಪ.”

ನಾನು ಬಾಗಿಲು ಹಾಕಿದೆ. ಮೇಡಂ ನಗು ತಡೆಯಲಾರದೆ ಕಾಫಿ ತರೋಕೆ ಹೋದರು. ಮಾರನೇ ದಿನ ಅಜ್ಜಿ ಕೂರುವ ಕಡೆ ಬಿಸಿಲು ಬೀಳದ ಹಾಗೆ ಮೇಲೆ ಶೀಟ್ ಹೊದಿಸಿಕೊಟ್ಟೆ. ಈಗ ನಾಯಿಗೆ ಜಾಗ ಮಾಡಿಸಬೇಕು ಅಂತ ಯಾರೇ ಬಂದರೂ, ಅಳತೆಗಿಂತ ಮೊದಲು, ಮನೆಯಲ್ಲಿ ಅದು ಯಾರ ಹಿಂದೆ ಸುತ್ತುತ್ತೆ ಅಂತ ಕೇಳ್ತೀನಿ.