ಅತ್ತೆಯ ಬಾಯಿಚಪಲ

ಆರಾಮಾಗಿ ಒಂದು ದಿನ ಕಳೆಯುವುದು ನನ್ನಂಥವಳಿಗೆ ಬಹಳ ಕಷ್ಟದ ಕೆಲಸ. ಎಲ್ಲಿಗಾದರೂ ಹೊರಡಬೇಕೆಂದರೆ ಬಿಪಿ ಮಾತ್ರೆ, ವಾಂತಿಯ ಮಾತ್ರೆ, ಭೇದಿಯ ಮಾತ್ರೆ, ಕುದಿಸಿ ಆರಿಸಿದ ನೀರು, ಕೊಡೆ, ಸ್ವೆಟರು ಎಲ್ಲವನ್ನೂ ಚೀಲಕ್ಕೆ ತುಂಬುತ್ತೇನೆ. ಮಳೆ ಬಂದರೆ ಕೊಡೆ, ಬರದಿದ್ದರೆ ಬಿಸಿಲಿಗಾಯಿತು. ಸ್ವೆಟರು ಯಾಕೆಂದು ಮಾತ್ರ ಕೇಳಬೇಡಿ. ನನ್ನ ಗಂಡ ಈ ಚೀಲವನ್ನು ತಾಲ್ಲೂಕು ಆಸ್ಪತ್ರೆ ಎಂದು ಕರೆಯುತ್ತಾರೆ. ಕರೆದುಕೊಳ್ಳಲಿ, ತಲೆನೋವು ಬಂದಾಗ ಅವರು ಕೈ ಹಾಕುವುದೂ ಅದಕ್ಕೇ.

ಹೋದ ತಿಂಗಳು ಈ ಚೀಲದ ಜೊತೆಗೆ ಅತ್ತೆಯನ್ನೂ ಕರೆದುಕೊಂಡು ಮೈಸೂರಿನಿಂದ ಹೊರಟೆ. ಮಾವ ತೀರಿಕೊಂಡು ಆಗಲೇ ವರ್ಷ ತುಂಬಿತ್ತು. ಅಂದಿನಿಂದ ಅತ್ತೆ ಅಳುವುದಿಲ್ಲ, ಗೊಣಗುವುದಿಲ್ಲ. ಬಡಿಸಿದ್ದನ್ನು ಉಂಡು, ತಟ್ಟೆ ತೊಳೆದಿಟ್ಟು ಕಿಟಕಿಯ ಪಕ್ಕ ಕೂರುತ್ತಾರೆ. ನಾನು ಉಪ್ಪು ಹಾಕುವುದನ್ನೇ ಮರೆತ ಸಾರನ್ನು ಒಂದು ಮಾತೂ ಆಡದೆ ಉಂಡು ಎದ್ದ ದಿನ ನನಗೆ ನಿಜವಾಗಿ ದಿಗಿಲಾಯಿತು. ಮದುವೆಯಾದ ಹೊಸತರಲ್ಲಿ ನನ್ನ ಸಾರಿಗೆ ಬಗೆಬಗೆಯ ಹೆಸರಿಟ್ಟ ಹೆಂಗಸು ಇವರು.

ಚಪಲ ಎಂಬುದು ಸಂಸ್ಕೃತದ ಮಾತು. ಅಲ್ಲಿ ಮಿಂಚಿಗೆ ಚಪಲೆ ಎನ್ನುತ್ತಾರೆ, ನಿಂತಲ್ಲಿ ನಿಲ್ಲದ ಲಕ್ಷ್ಮಿಗೂ ಹಾಗೇ ಎನ್ನುತ್ತಾರೆ. ಅಷ್ಟು ದೊಡ್ಡ ಮಾತನ್ನು ನಾವು ತಂದು ಬಾಯಿಗೆ ಅಂಟಿಸಿ, ಬಾಯಿಚಪಲ ಮಾಡಿ, ಬೈಗುಳದ ಲೆಕ್ಕಕ್ಕೆ ಸೇರಿಸಿಬಿಟ್ಟೆವು. ಅದು ಅಷ್ಟು ಕೆಟ್ಟದ್ದಲ್ಲ ಎಂದು ನನಗೆ ತಿಳಿದದ್ದು ಅತ್ತೆಯನ್ನು ನೋಡಿದ ಮೇಲೆ. ಹಸಿವು ದೇಹದ್ದು, ಅದು ಹೇಗೋ ನಡೆಯುತ್ತದೆ. ಚಪಲ ಹೋಯಿತೆಂದರೆ ಒಳಗೆ ಏನೋ ಆರಿಹೋಗಿದೆ ಎಂದೇ ಅರ್ಥ.

ಅದಕ್ಕೇ ಈ ತಿರುಗಾಟ. ಹುಣಸೂರಿಗೆ ಹೋಗಿ, ಅಲ್ಲಿಂದ ಕೆ.ಆರ್. ನಗರ, ಮನಸ್ಸು ಬಂದರೆ ಭೇರ್ಯದಲ್ಲಿರುವ ಅತ್ತೆಯ ತಂಗಿಯ ಮನೆ. ಹುಣಸೂರಿನ ನಿಲ್ದಾಣದಲ್ಲಿ ಕೆ.ಆರ್. ನಗರದ ಬಸ್ಸು ಖಾಲಿ ನಿಂತಿತ್ತು. ಅತ್ತೆಯನ್ನು ಕಿಟಕಿಯ ಪಕ್ಕ ಕೂರಿಸಿದೆ. ಸ್ವಲ್ಪ ಹೊತ್ತಾದ ಮೇಲೆ ಅವರು ಮೂಗರಳಿಸಿದರು.

“ಬೇಯ್ಸಿದ ಕಡ್ಲೆಕಾಯ್ ವಾಸ್ನೆ ಬತ್ತಾ ಅದೆ ಕಣವ್ವ. ಒಂದೀಟು ತತ್ತೀಯಾ?”

ಅವರಾಗಿ ಏನನ್ನಾದರೂ ಕೇಳಿ ಎಷ್ಟು ಕಾಲವಾಗಿತ್ತು. ನಾನು ಓಡಿದೆ. ಕಡಲೆಕಾಯಿಯ ಗಾಡಿ ನಿಲ್ದಾಣದ ಹೊರಗೆ, ರಸ್ತೆಯ ಆ ಬದಿಗಿತ್ತು. ಅಲ್ಲಿಗೆ ಮುಟ್ಟಿದ ಮೇಲೆ ನನ್ನ ಹಾಳು ಸ್ವಭಾವ ಎದ್ದಿತು. ಯಾವ ನೀರಿನಲ್ಲಿ ಬೇಯಿಸಿದ್ದು, ಯಾವಾಗ ಬೇಯಿಸಿದ್ದು ಎಂದು ವಿಚಾರಣೆ ಶುರುಮಾಡಿದೆ. ಗಾಡಿಯವರು, “ನಾವೂ ಇದ್ನೇ ತಿಂದು ಬದುಕಿಲ್ವಾ ಕಣಕ್ಕ” ಎಂದರು. ಪೊಟ್ಟಣ ಹಿಡಿದು ತಿರುಗಿ ಬಂದಾಗ ಬಸ್ಸು ನಿಂತಿದ್ದ ಜಾಗದಲ್ಲಿ ಒಂದು ನಾಯಿ ಮಲಗಿತ್ತು.

ಅತ್ತೆಯ ಫೋನು ನನ್ನ ಚೀಲದಲ್ಲಿತ್ತು. ಅವರ ಬಿಪಿ ಮಾತ್ರೆಯೂ, ನೀರೂ, ಸ್ವೆಟರೂ ನನ್ನ ಚೀಲದಲ್ಲಿದ್ದವು. ಅವರ ಬಳಿ ಇದ್ದದ್ದು ಸೊಂಟಕ್ಕೆ ಸಿಕ್ಕಿಸಿದ್ದ ಎಲೆಅಡಿಕೆ ಸಂಚಿ, ಅದರೊಳಗೆ ಮಡಿಸಿಟ್ಟ ಒಂದಿಷ್ಟು ದುಡ್ಡು. ಗಂಡನಿಗೆ ಫೋನ್ ಮಾಡೋಣವೆಂದರೆ, ನಿಮ್ಮ ತಾಯಿಯನ್ನು ಕಳೆದುಕೊಂಡೆ ಎಂಬುದನ್ನು ಯಾವ ಮಾತಿನಿಂದ ಶುರುಮಾಡಬೇಕೋ ತಿಳಿಯಲಿಲ್ಲ. ನಿಲ್ದಾಣದ ಕಂಟ್ರೋಲರು ಮಾತ್ರ ಸಮಾಧಾನವಾಗಿ, “ಹಿಂದ್ಗಡೆ ಇನ್ನೊಂದು ಗಾಡಿ ಹೊರಡ್ತಾ ಅದೆ, ಹತ್ಕಳಿ. ವಯಸ್ಸಾದೋರ್ನ ಅಲ್ಲಿ ಸ್ಟ್ಯಾಂಡಲ್ಲೇ ಕೂರ್ಸಿರ್ತಾರೆ” ಎಂದರು.

ಆ ದಾರಿಯಲ್ಲಿ ನಾನು ಪಟ್ಟ ಪಾಡನ್ನು ಏನು ಹೇಳಲಿ. ಹೊಗೆಸೊಪ್ಪಿನ ಹೊಲಗಳ ನಡುವೆ ಬಸ್ಸು ನಿಂತಲ್ಲೆಲ್ಲ ಕಿಟಕಿಯಿಂದ ತಲೆ ಹೊರಹಾಕಿ ನೋಡುತ್ತಿದ್ದೆ. ಎಲ್ಲೋ ತಪ್ಪಿ ಇಳಿದಿದ್ದರೆ? ತಲೆಸುತ್ತು ಬಂದಿದ್ದರೆ? ದೂರದಲ್ಲಿ ಅತ್ತೆ ಉಟ್ಟಿದ್ದಂಥ ಹಸಿರು ಸೀರೆ ಕಂಡರೆ ಸೀಟಿನಿಂದ ಎದ್ದು ನಿಲ್ಲುತ್ತಿದ್ದೆ. ಆ ದಿನ ಆ ರಸ್ತೆಯಲ್ಲಿ ಯಾಕೋ ಎಲ್ಲರೂ ಹಸಿರು ಸೀರೆಯನ್ನೇ ಉಟ್ಟಿದ್ದರು.

ಕೆ.ಆರ್. ನಗರದಲ್ಲಿ ಮುಂಚಿನ ಬಸ್ಸಿನ ಕಂಡಕ್ಟರು ಟೀ ಕುಡಿಯುತ್ತಿದ್ದರು.

“ಆ ಅಮ್ಮಾರಾ? ಇಲ್ಲೇ ಕೂತ್ಕಳಿ, ನಿಮ್ ಸೊಸೆ ಬತ್ತಾರೆ ಅಂದೆ. ಕೂತೂ ಕೂತೂ ಸಾಕಾಯ್ತು ಕಣಪ್ಪ ಅಂದ್ಬುಟ್ಟು ಹೊಂಟೋದ್ರು.”

ಹೊರಗೆ ಸೌತೆಕಾಯಿ ಸೀಳಿ ಉಪ್ಪು ಖಾರ ಹಚ್ಚಿ ಮಾರುವವರನ್ನು ಕೇಳಿದೆ. “ಹಸ್ರು ಸೀರೆ ಅಲ್ವಾ? ತಿಂದ್ರು. ಖಾರ ಸಾಲ್ದು ಅಂತ ಇನ್ನೊಂದ್ ದಪ ಉದುರುಸ್ಕಂಡ್ರು.” ಅಷ್ಟು ಗಾಬರಿಯಲ್ಲೂ ನಾನು ಒಂದು ಗಳಿಗೆ ನಿಂತೆ. ಖಾರ ಸಾಲದು ಎಂದರಂತೆ. ಮುಂದಿನ ಗಾಡಿಯಲ್ಲಿ ಮೆಣಸಿನಕಾಯಿ ಬಜ್ಜಿ ಕರಿಯುತ್ತಿದ್ದ ಹೆಂಗಸು ನಗುತ್ತಾ, “ತಿಂದ್ಬುಟ್ಟು, ಹಿಟ್ಟಿಗೆ ಓಮ ಹಾಕವ್ವ ಅಂತ ನಂಗೇ ಹೇಳ್ಕೊಟ್ಟೋದ್ರು” ಎಂದಳು. ನಾನೂ ನಗುವುದರಲ್ಲಿದ್ದೆ. ಆಗ ಅವಳು, “ಆಮ್ಯಾಕೆ ಯಾಕೋ ಸಪ್ಪಗಾದ್ರು. ಹೊಳೆ ತಾವ್ಕೆ ಆಟೋ ಎಲ್ಲಿ ಸಿಕ್ತದೆ ಅಂತ ಕೇಳ್ಕಂಡು ಹೋದ್ರು” ಎಂದು ಸೇರಿಸಿದಳು.

ಹೊಳೆ. ಸಪ್ಪಗಾಗಿ ಹೊಳೆಗೆ.

ಆಟೋ ಹತ್ತಿದ್ದು ನೆನಪಿದೆ, ದಾರಿ ನೆನಪಿಲ್ಲ. ಹೊಳೆದಂಡೆಯ ಅರ್ಕೇಶ್ವರನ ಗುಡಿಯ ಮುಂದೆ ಇಳಿದವಳು ಮೊದಲು ನೋಡಿದ್ದು ಗುಡಿಯನ್ನಲ್ಲ, ನೀರನ್ನು. ಕಾವೇರಿ ತನ್ನ ಪಾಡಿಗೆ ಹರಿಯುತ್ತಿದ್ದಳು. ಆಮೇಲೆ ಕಟ್ಟೆಯ ಕಡೆ ತಿರುಗಿದೆ. ಅಲ್ಲಿ ಅತ್ತೆ ಕಾಲು ಇಳಿಬಿಟ್ಟುಕೊಂಡು ಕೂತು ಕೆಂಪು ಐಸ್‌ಕ್ಯಾಂಡಿ ಚೀಪುತ್ತಿದ್ದರು.

“ಬಂದ್ಯಾ? ಕೂತ್ಕ” ಎಂದರು.

ಕೂತೆ. “ಬಸ್ಸು ಹೊರಟಾಗ ನಿಲ್ಲಿಸಿ ಅನ್ನಬಾರದಿತ್ತಾ ಅತ್ತೆ?”

“ಅನ್ಬೌದಿತ್ತು. ಅನ್ನಲಿಲ್ಲ. ಗಾಳಿ ಚೆಂದಾಗಿ ಬತ್ತಿತ್ತು. ನಿಂಗೆ ದಿಗಿಲಾಯ್ತದೆ ಅನ್ನೋದು ಆಮ್ಯಾಕೆ ಒಳೀತು.” ಕ್ಯಾಂಡಿಯ ತುದಿಯನ್ನು ಕಚ್ಚಿದರು. “ನಿಮ್ಮಾವ ಬೀದೀಲಿ ನಿಂತ್ಕಂಡು ತಿನ್ನಕ್ಕೆ ಬುಡ್ತಿರ್ಲಿಲ್ಲ. ನಾನು ಕದ್ದು ತಿಂತಿದ್ದೆ. ಅದೆಂಗೋ ಗೊತ್ತಾಗ್ಬುಡೋದು. ಮನೆ ಗಂಟ ಬಯ್ಕಂಡು ಬರೋರು. ಇವತ್ತು ಬಜ್ಜಿ ತಿಂದ್ಬುಟ್ಟು ಇಂದಕ್ಕೆ ತಿರುಗಿ ನೋಡ್ದೆ. ಬಯ್ಯೋರು ಯಾರೂ ಇರ್ಲಿಲ್ಲ.”

ಐಸ್‌ಕ್ಯಾಂಡಿಯ ಕೆಂಪು ನೀರು ಅವರ ಮುಂಗೈ ಮೇಲೆ ಇಳಿಯುತ್ತಿತ್ತು.

“ಯಾಕವ್ವ ಸುಮ್ಕಾದೆ? ನೀನಾರ ಬಯ್ಯಿ.”

ಮೊದಲು ಮೆಲ್ಲಗೆ ಶುರುಮಾಡಿದೆ. ಬಿಪಿ ಇಟ್ಟುಕೊಂಡು ಎಣ್ಣೆಯ ಬಜ್ಜಿ ತಿನ್ನುತ್ತಾರೆಯೇ ಅತ್ತೆ, ಎಂದೆ. ಆಮೇಲೆ ನಿಜವಾದ ಸಿಟ್ಟೇ ಬಂತು. ಹುಣಸೂರಿನಿಂದ ಜೀವ ಕೈಯಲ್ಲಿ ಹಿಡಿದು ಬಂದದ್ದು, ಆ ಹಸಿರು ಸೀರೆಗಳು, ಈ ಹೊಳೆ, ಎಲ್ಲವೂ ಒಟ್ಟಿಗೆ ನುಗ್ಗಿ ಬಂದು, ನಾನು ಅಳುತ್ತಲೇ ಬೈದೆ. ಗುಡಿಯೊಳಗೆ ಒಂದು ಮಂಗಳಾರತಿ ನಡೆಯುತ್ತಿತ್ತು, ಹೊರಗೆ ಕಟ್ಟೆಯ ಮೇಲೆ ಇನ್ನೊಂದು. ಹಣ್ಣುಕಾಯಿ ಮಾಡಿಸಿಕೊಂಡು ಬಂದವರು ನಿಂತು ನೋಡಿ ಹೋದರು. ಅತ್ತೆ ತಲೆತಗ್ಗಿಸಿ, ಒಂದು ಮಾತೂ ತಪ್ಪದ ಹಾಗೆ ಕೇಳಿಸಿಕೊಂಡರು.

ನನಗೆ ಉಸಿರು ಮುಗಿದಾಗ ಅವರು ಸೆರಗಿನಲ್ಲಿ ಬಾಯಿ ಒರೆಸಿಕೊಂಡರು. ಆಮೇಲೆ ಅದೇ ಸೆರಗಿನಲ್ಲಿ ನನ್ನ ಮುಖವನ್ನೂ ಒರೆಸಿ, ಎದ್ದು ನಿಂತರು.

“ನಿಮ್ಮಾವನಷ್ಟು ಬರಾಕಿಲ್ಲ ನಿಂಗೆ,” ಎಂದರು. “ಅಭ್ಯಾಸ ಆಯ್ತದೆ ಬುಡು.”