ಎರಡರ ಹತ್ತನೇ ಘಾತ

ಮಗಳಿಗೆಂದು ತಂದ ಹೊಸ ಕಂಪ್ಯೂಟರಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚುವಾಗ ಬಂದ ವಾಸನೆ ನನ್ನನ್ನು ನಾಗಮಂಗಲದ ಹಾಸ್ಟೆಲಿಗೆ ಕರೆದೊಯ್ದಿತು. ಭಾನುವಾರ ಎಲ್ಲರ ಅಮ್ಮಂದಿರು ಬುತ್ತಿ ತರುತ್ತಿದ್ದರು. ನನ್ನಮ್ಮ ತೀರಿಕೊಂಡ ಮೇಲೆ ನನ್ನನ್ನು ನೋಡಲು ಯಾರೂ ಬರುತ್ತಿರಲಿಲ್ಲ. ಒಮ್ಮೆ ಗೇಟಿನ ಬಳಿ ನಿಂತಿದ್ದ ನನ್ನನ್ನು ಕಂಪ್ಯೂಟರ್ ಕಲಿಸುವ ಮಿಸ್ ಒಳಗೆ ಕರೆದು ಕಂಪ್ಯೂಟರ್ ಮುಂದೆ ಕೂರಿಸಿದರು.

ಅವರು ಕಲಿಸಿದ್ದ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ, ಎರಡರ ಹತ್ತನೇ ಘಾತ ಎಷ್ಟೆಂದು ಕಂಪ್ಯೂಟರನ್ನು ಕೇಳಿದೆ. ಏನೋ ತಲೆಬುಡವಿಲ್ಲದ ಸಂಖ್ಯೆ ಬಂತು.

“ಘಾತದ ಲೆಕ್ಕ ಗೊತ್ತಿರೋ ಮ್ಯಾಥ್ ಲೈಬ್ರರಿನ ಪ್ರೋಗ್ರಾಮಿಗೆ ಸೇರ್ಸೋದು ಮರ್ತ್‌ಬುಟ್ಟೆ ಕಣವ್ವ. ಎಲ್ಲಕ್ಕಿಂತ ಮೇಲೆ ಅದ್ನ ಸೇರ್ಸೋ ಸಾಲು ಬರಿ,” ಅಂದರು ಮಿಸ್.

ಬರೆದೆ. ಸಾವಿರದ ಇಪ್ಪತ್ನಾಲ್ಕು ಬಂತು! ಖುಷಿಗೆ ಬಾಗಿಲಿಗೆ ಓಡಿದೆ. ಹೊರಗೆ ಗೆಳತಿಯರೆಲ್ಲ ಅಮ್ಮಂದಿರ ಪಕ್ಕ ಕೂತು ಉಣ್ಣುತ್ತಿದ್ದರು. ಯಾರನ್ನೂ ಕೂಗಲಾಗಲಿಲ್ಲ.

“ನಂಗೆ ಇನ್ನೊಂದ್ಸಲ ತೋರ್ಸವ್ವ, ನೋಡ್ತೀನಿ,” ಅಂದರು ಮಿಸ್. ಒಳಗೆ ಬಂದು ಮತ್ತೆ ಮಾಡಿ ತೋರಿಸಿದೆ.

ಈಗ ಮಗಳು “ಅಮ್ಮಾ, ಉತ್ತರ ಬಂತು ಬಾ” ಎಂದು ಕೂಗಿದರೆ, ಒಲೆ ಆರಿಸಿ ಹೋಗುತ್ತೇನೆ.